ಫ್ಲಾಪಿ ಡಿಸ್ಕ್: ದತ್ತಾಂಶ ಸಂಗ್ರಹದ ವಿನ್ಯಾಸ ಮತ್ತು ಓದಿನ ಸಮಸ್ಯೆ

ಬರಹದ ಇತಿಹಾಸದಲ್ಲಿ ಬರಹವನ್ನು ಹೊತ್ತ ವಸ್ತುವಿಗೆ ದೊರೆತ ಗಮನ ಅದನ್ನು ಓದುವ ಕ್ರಮಕ್ಕೆ ದೊರೆತಿರುವುದು ವಿರಳ. ಇಪ್ಪತ್ತನೆಯ ಶತಮಾನದ ಕೊನೆಯ ದಶಕಗಳಲ್ಲಿ ವ್ಯಾಪಕವಾಗಿ ಬಳಕೆಯಲ್ಲಿದ್ದ ಫ್ಲಾಪಿ ಡಿಸ್ಕ್ ಈ ದೃಷ್ಟಿಯಿಂದ ಅಧ್ಯಯನಯೋಗ್ಯವಾಗಿದೆ.

ಐಬಿಎಂ ಸಂಸ್ಥೆಯು 1971ರಲ್ಲಿ 8 ಅಂಗುಲದ ಫ್ಲಾಪಿಯನ್ನು ಬಳಕೆಗೆ ತಂದಿತು. 1976ರಲ್ಲಿ ಶುಗಾರ್ಟ್ ಅಸೋಸಿಯೇಟ್ಸ್ ಸಂಸ್ಥೆಯ 5.25 ಅಂಗುಲದ ಹಾಗೂ 1981ರಲ್ಲಿ ಸೋನಿ ಸಂಸ್ಥೆಯ 3.5 ಅಂಗುಲದ ಡಿಸ್ಕುಗಳು ಬಂದವು. ಗಾತ್ರ ಕುಗ್ಗಿದರೂ ಮೂಲತತ್ತ್ವ ಬದಲಾಗಲಿಲ್ಲ. ಕಾಂತೀಯ ಲೇಪನವುಳ್ಳ, ಬಾಗುವ ಪ್ಲಾಸ್ಟಿಕ್ ತಟ್ಟೆಯೊಂದು ತಿರುಗುತ್ತದೆ. ಅದನ್ನು ಸ್ಪರ್ಶಿಸುವ ಹೆಡ್ ಕಾಂತತೆಯ ದಿಕ್ಕನ್ನು ಬದಲಿಸುವುದರ ಮೂಲಕ ಬರೆಯುತ್ತದೆ, ಆ ಬದಲಾವಣೆಗಳನ್ನು ಗ್ರಹಿಸಿ ಓದುತ್ತದೆ.

ಆದರೆ ತಟ್ಟೆಯು ತನ್ನಷ್ಟಕ್ಕೆ ಪಠ್ಯವಾಗದು. ಮೊದಲು ಅದನ್ನು ಟ್ರ್ಯಾಕ್ ಎಂಬ ಏಕಕೇಂದ್ರೀಯ ವೃತ್ತಗಳಾಗಿಯೂ ಪ್ರತಿ ವೃತ್ತವನ್ನು ಸೆಕ್ಟರ್‌ಗಳಾಗಿಯೂ ವಿಭಜಿಸಬೇಕು. ಈ ವಿಭಜನೆ ಒಂದು ಒಡಂಬಡಿಕೆಯೇ ಹೊರತು ವಸ್ತುವಿನ ಗುಣವಲ್ಲ. 3.5 ಅಂಗುಲದ ಒಂದೇ ಬಗೆಯ ಡಿಸ್ಕಿನ ಎರಡೂ ಬದಿಗಳಲ್ಲಿ ತಲಾ 80 ಟ್ರ್ಯಾಕ್‌ಗಳಿದ್ದು, ಐಬಿಎಂ ಮಾದರಿಯ ಪಿಸಿ ಪ್ರತಿ ಟ್ರ್ಯಾಕಿನಲ್ಲಿ 512 ಬೈಟ್‌ಗಳ 9 ಸೆಕ್ಟರ್‌ಗಳನ್ನು ಬರೆದು 720 ಕಿಲೋಬೈಟ್‌ಗಳನ್ನು ಸಂಗ್ರಹಿಸುತ್ತಿತ್ತು. ಕಮಡೋರ್ ಸಂಸ್ಥೆಯ ಅಮಿಗಾ ಗಣಕವು ಸೆಕ್ಟರ್‌ಗಳ ನಡುವೆ ಅಂತರ ಬಿಡದೆ 11 ಸೆಕ್ಟರ್‌ಗಳನ್ನು ಬರೆದು 880 ಕಿಲೋಬೈಟ್‌ಗಳನ್ನು ಹಿಡಿಸುತ್ತಿತ್ತು. ಅಮಿಗಾದ ಈ ಬರಹವನ್ನು ಪಿಸಿಯ ಸಾಮಾನ್ಯ ಡ್ರೈವ್ ವ್ಯವಸ್ಥೆ ಓದಲಾರದಾಗಿತ್ತು.

ಇದರ ಪರಿಣಾಮಕ್ಕೆ ಆಂಡಿ ವಾರ್ಹಾಲ್ ಅವರ ಡಿಸ್ಕುಗಳು ನಿದರ್ಶನ. 1985ರಲ್ಲಿ ಅವರು ಅಮಿಗಾದಲ್ಲಿ ರಚಿಸಿದ ಚಿತ್ರಗಳು ಪಿಟ್ಸ್‌ಬರ್ಗ್ ನಗರದ ವಾರ್ಹಾಲ್ ವಸ್ತುಸಂಗ್ರಹಾಲಯದಲ್ಲಿ ಸುರಕ್ಷಿತವಾಗಿದ್ದರೂ ಕಾಣದಂತಿದ್ದವು. ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದ ಕಂಪ್ಯೂಟರ್ ಕ್ಲಬ್ಬಿನ ಸದಸ್ಯರು ಡಿಸ್ಕುಗಳಿಂದ ದತ್ತಾಂಶವನ್ನು ಹೊರತೆಗೆದರು. ಆದರೂ ಕಡತಗಳ ರಚನಾಕ್ರಮ ಯಾವ ತಂತ್ರಾಂಶಕ್ಕೂ ಪರಿಚಿತವಾಗಿರಲಿಲ್ಲ. ಆ ಕ್ರಮವನ್ನು ವಿಶ್ಲೇಷಿಸಿ ಬಿಡಿಸಿದ ಬಳಿಕವೇ 28 ಚಿತ್ರಗಳು ಗೋಚರಿಸಿದವು. 2014ರಲ್ಲಿ ಈ ಸಂಗತಿಯನ್ನು ಪ್ರಕಟಿಸಲಾಯಿತು.

ಕನ್ನಡದ ಡಿಸ್ಕುಗಳಿಗೆ ಇನ್ನೊಂದು ಪದರವೂ ಇದೆ. 1990ರ ದಶಕದಲ್ಲಿ ಅಚ್ಚಿನ ಕೆಲಸಕ್ಕಾಗಿ ಬಂದ ಹಲವು ಅಕ್ಷರವಿನ್ಯಾಸಗಳು ರೋಮನ್ ಅಕ್ಷರಗಳ ಸಂಕೇತಸ್ಥಾನಗಳಲ್ಲಿ ಕನ್ನಡದ ಆಕಾರಗಳನ್ನು ತಮ್ಮ ತಮ್ಮ ಕ್ರಮದಲ್ಲಿ ಇರಿಸಿಕೊಂಡಿದ್ದವು. ಅಂತಹ ಕಡತವನ್ನು ಆ ವಿನ್ಯಾಸವಿಲ್ಲದೆ ತೆರೆದರೆ ಅರ್ಥವಿಲ್ಲದ ರೋಮನ್ ಚಿಹ್ನೆಗಳಷ್ಟೇ ಕಾಣುತ್ತವೆ. ತಟ್ಟೆ ಉಳಿದು, ಸೆಕ್ಟರ್‌ಗಳು ಓದಲು ಸಿಕ್ಕಿದರೂ ಪಠ್ಯ ಕೈಗೆ ಬಾರದು.

ಮೌಖಿಕ ಪರಂಪರೆಯಲ್ಲಿ ಕಾವ್ಯವನ್ನು ಬಲ್ಲ ಕೊನೆಯ ಗಾಯಕ ತೀರಿಕೊಂಡಾಗ ಕಾವ್ಯವೂ ಮರೆಯಾಗುತ್ತದೆ. ಫ್ಲಾಪಿಯ ವಿಷಯದಲ್ಲಿ ವಸ್ತು ಕಣ್ಣೆದುರೇ ಇರುವುದರಿಂದ ಈ ನಷ್ಟ ಬೇಗನೆ ಅರಿವಿಗೆ ಬರುವುದಿಲ್ಲ. ಸೋನಿ ಸಂಸ್ಥೆಯು 2011ರಲ್ಲಿ ಜಪಾನಿನಲ್ಲಿ ಫ್ಲಾಪಿಗಳ ಮಾರಾಟವನ್ನು ನಿಲ್ಲಿಸಿತು. ಗ್ರಂಥಾಲಯಗಳು ಡಿಸ್ಕಿನೊಡನೆ ಅದನ್ನು ಬರೆದ ಗಣಕ, ತಂತ್ರಾಂಶ ಹಾಗೂ ಅಕ್ಷರವಿನ್ಯಾಸದ ವಿವರಗಳನ್ನೂ ದಾಖಲಿಸಿದಲ್ಲಿ ಮಾತ್ರ ಅದು ಆಕರವಾಗಿ ಉಳಿದೀತು.