ಮೊದಲು ಬಾಯಿಬಿಟ್ಟವರಿಗೆ ಮಾಫಿ

1997ರಲ್ಲಿ ಸ್ವಿಟ್ಜರ್ಲೆಂಡಿನ ಔಷಧ ಕಂಪೆನಿ ರೋಶ್, ಸಿಟ್ರಿಕ್ ಆಮ್ಲದ ಬೆಲೆಯನ್ನು ಪ್ರತಿಸ್ಪರ್ಧಿಗಳೊಡನೆ ಸೇರಿ ನಿಗದಿ ಮಾಡಿದ್ದಾಗಿ ಅಮೆರಿಕದಲ್ಲಿ ಒಪ್ಪಿಕೊಂಡು 1.4 ಕೋಟಿ ಡಾಲರ್ ದಂಡ ತೆತ್ತಿತು. ವಿಟಮಿನ್ ವ್ಯಾಪಾರದಲ್ಲೂ ಇದೇ ನಡೆದಿದೆಯೇ ಎಂದು ತನಿಖಾಧಿಕಾರಿಗಳು ಕೇಳಿದರು. ಅಂಥದ್ದೇನೂ ಇಲ್ಲ ಎಂದು ಕಂಪೆನಿಯ ಹಿರಿಯ ಅಧಿಕಾರಿಯೊಬ್ಬ ಹೇಳಿದ. ಅದು ಸುಳ್ಳಾಗಿತ್ತು. ವಿಟಮಿನ್ ಕೂಟ 1990ರಿಂದಲೇ ನಡೆಯುತ್ತಿತ್ತು, ಆಮೇಲೂ ಸುಮಾರು ಎರಡು ವರ್ಷ ನಡೆಯಿತು!

ಕಂಪೆನಿಗಳು ಗುಟ್ಟಾಗಿ ಸಭೆ ಸೇರಿ, ಯಾರು ಎಷ್ಟು ಮಾರಬೇಕು, ಯಾವ ದರಕ್ಕೆ ಎಂದು ಗೊತ್ತು ಮಾಡಿಕೊಳ್ಳುವ ಇಂಥ ಕೂಟಕ್ಕೆ 'ಕಾರ್ಟೆಲ್' ಎಂದು ಹೆಸರು. ಪಶು ಆಹಾರದಿಂದ ಹಿಡಿದು ಬೆಳಗಿನ ತಿಂಡಿಯವರೆಗೆ ವಿಟಮಿನ್ ಬೆರೆಸಿದ ಪದಾರ್ಥ ಕೊಂಡವರೆಲ್ಲ ಹೆಚ್ಚಿಗೆ ತೆತ್ತರು. ಆದರೆ ಮೋಸಹೋದದ್ದೇ ಗೊತ್ತಿಲ್ಲದವರು ದೂರು ಕೊಡುವುದಾದರೂ ಹೇಗೆ? ಗುಟ್ಟು ಒಳಗಿನವರಿಂದಲೇ ಹೊರಬರಬೇಕು.

ಅಮೆರಿಕ 1978ರಲ್ಲೇ ಕಂಪೆನಿಗಳಿಗೂ ಮಾಫಿ ಸಾಕ್ಷಿಯಂಥ ಅವಕಾಶ ಕಲ್ಪಿಸಿತ್ತು. ಮಾಫಿ ಸಿಗುವುದು ಮಾತ್ರ ಅಧಿಕಾರಿಗಳ ಮರ್ಜಿಗೆ ಬಿಟ್ಟದ್ದು. ವರ್ಷಕ್ಕೆ ಸರಾಸರಿ ಒಂದು ಅರ್ಜಿ ಬಂದರೆ ಹೆಚ್ಚು. 1993ರ ಆಗಸ್ಟಿನಲ್ಲಿ ನಿಯಮ ಬದಲಾಯಿತು. ತನಿಖೆಗೆ ಮುಂಚೆ ಮೊದಲು ಬಂದವರಿಗೆ ಮಾಫಿ ಖಚಿತವಾಯಿತು. ಸಹಕರಿಸುವ ಅಧಿಕಾರಿಗಳಿಗೆ ಜೈಲಿನ ಭಯ ತಪ್ಪಿತು. ತನಿಖೆ ಶುರುವಾದ ಮೇಲೂ ಬಾಗಿಲು ಪೂರ್ತಿ ಮುಚ್ಚಲಿಲ್ಲ. ಆದರೆ ಒಳಗೆ ಬಿಡುವುದು ಒಬ್ಬರನ್ನು ಮಾತ್ರ. ಅಲ್ಲಿಂದಾಚೆಗೆ ಸುಮಾರು ತಿಂಗಳಿಗೊಂದರಂತೆ ಅರ್ಜಿಗಳು ಬರತೊಡಗಿದವು. ಜಾಣತನವೆಲ್ಲ ಇರುವುದು ಆ 'ಒಬ್ಬರು' ಎಂಬುದರಲ್ಲೇ. ಕೂಟದ ಪ್ರತಿಯೊಬ್ಬನೂ ಪಕ್ಕದವನನ್ನು ಶಂಕಿಸಲೇಬೇಕಾಯಿತು.

ವಿಟಮಿನ್ ಕೂಟದಲ್ಲಿ ಮೊದಲು ಬಾಯಿಬಿಟ್ಟದ್ದು ಫ್ರಾನ್ಸಿನ ರೋನ್-ಪುಲೆಂಕ್. 1999ರ ಮೇ 20ರಂದು ರೋಶ್‌ಗೆ 50 ಕೋಟಿ ಡಾಲರ್, ಜರ್ಮನಿಯ ಬಿಎಎಸ್‌ಎಫ್‌ಗೆ 22.5 ಕೋಟಿ ಡಾಲರ್ ದಂಡ ಪ್ರಕಟವಾಯಿತು. ಸುಳ್ಳಾಡಿದ ಅಧಿಕಾರಿಗೆ ನಾಲ್ಕು ತಿಂಗಳ ಜೈಲು. ಕೂಟದಲ್ಲಿ ಪಾಲುದಾರನಾಗಿದ್ದ ರೋನ್-ಪುಲೆಂಕ್‌ಗೆ ಅಲ್ಲಿ ಕ್ರಿಮಿನಲ್ ದಂಡವೇ ಇಲ್ಲ. ಇದು ನ್ಯಾಯವೇ ಎಂದು ಕೇಳಿದರೆ ಸುಲಭದ ಉತ್ತರವಿಲ್ಲ. 2001ರಲ್ಲಿ ಯುರೋಪಿನ ಆಯೋಗವೂ 'ಎ' ಮತ್ತು 'ಇ' ವಿಟಮಿನ್‌ಗಳ ಮಟ್ಟಿಗೆ ಅದಕ್ಕೆ ಪೂರ್ತಿ ಮಾಫಿ ಕೊಟ್ಟಿತು. 'ಡಿ3' ವಿಷಯದಲ್ಲಿ ಮಾತ್ರ ದಂಡ ಹಾಕಿತು.

ಭಾರತದಲ್ಲಿ ಈ ನಿಯಮಗಳು ಬಂದದ್ದು 2009ರಲ್ಲಿ. ಮೊದಲ ಆದೇಶ ಹೊರಬಿದ್ದದ್ದು 2017ರ ಜನವರಿಯಲ್ಲಿ. ರೈಲ್ವೆ ಹಾಗೂ ಬೆಂಗಳೂರಿನ ಬಿಇಎಂಎಲ್ ಕರೆದಿದ್ದ ಫ್ಯಾನುಗಳ ಟೆಂಡರಿನಲ್ಲಿ ಮೂರು ಸಂಸ್ಥೆಗಳು ಒಳಒಪ್ಪಂದ ಮಾಡಿಕೊಂಡಿದ್ದವು. ತಪ್ಪೊಪ್ಪಿಕೊಂಡ ಸಂಸ್ಥೆಗೆ ದಂಡದಲ್ಲಿ ಶೇ 75ರಷ್ಟು ರಿಯಾಯಿತಿ ಸಿಕ್ಕಿತು. ಪೂರ್ತಿ ಸಿಗಲಿಲ್ಲ, ಅದು ಬರುವ ಹೊತ್ತಿಗೆ ಸ್ಪರ್ಧಾ ಆಯೋಗದ ಕೈಯಲ್ಲಿ ಸ್ವಲ್ಪ ಸಾಕ್ಷ್ಯ ಆಗಲೇ ಇತ್ತು.