ಗಣಕ ನಿಧಾನವಾಯಿತೇ? ತೆರೆಯ ಹಿಂದಿನ 'ಅಪರಿಚಿತ'ರನ್ನು ಗುರುತಿಸುವ ಬಗೆ

ಗಣಕಯಂತ್ರ ಇದ್ದಕ್ಕಿದ್ದಂತೆ ಮಂದಗತಿಗೆ ಇಳಿದರೆ ಬಹುತೇಕ ಬಳಕೆದಾರರ ಮೊದಲ ಅನುಮಾನ ವೈರಸ್ ಮೇಲೆ. ವಿಂಡೋಸ್‌ನಲ್ಲಿ ಕಂಟ್ರೋಲ್, ಶಿಫ್ಟ್ ಮತ್ತು ಎಸ್ಕೇಪ್ ಕೀಲಿಗಳನ್ನು ಒಟ್ಟಿಗೆ ಒತ್ತಿದಾಗ ತೆರೆದುಕೊಳ್ಳುವ ಟಾಸ್ಕ್ ಮ್ಯಾನೇಜರ್ ಈ ಅನುಮಾನವನ್ನು ಇನ್ನಷ್ಟು ಹೆಚ್ಚಿಸುತ್ತದೆ. ಎಂದೂ ಕೇಳಿರದ ಹತ್ತಾರು ಹೆಸರುಗಳು ಅಲ್ಲಿ ಸಾಲುಗಟ್ಟಿರುತ್ತವೆ. ಆದರೆ ಅಪರಿಚಿತವಾದದ್ದೆಲ್ಲ ಅಪಾಯಕಾರಿಯಲ್ಲ.

ಇದಕ್ಕೆ 2002ರ ಪ್ರಸಂಗವೊಂದು ಸಾಕ್ಷಿ. ಕರಡಿಮರಿಯ ಚಿತ್ರವುಳ್ಳ 'ಜೆಡಿಬಿಜಿಎಂಜಿಆರ್' ಎಂಬ ಕಡತ ವೈರಸ್ ಆಗಿದ್ದು, ಕೂಡಲೇ ಅಳಿಸಬೇಕೆಂಬ ಇ-ಮೇಲ್ ಜಗತ್ತಿನಾದ್ಯಂತ ಹರಿದಾಡಿತು. ವಾಸ್ತವದಲ್ಲಿ ಅದು ವಿಂಡೋಸ್ ಜೊತೆಗೇ ಬರುತ್ತಿದ್ದ, ಜಾವಾ ತಂತ್ರಾಂಶಗಳ ದೋಷ ಪತ್ತೆಗೆ ನೆರವಾಗುತ್ತಿದ್ದ ನಿರಪಾಯಕಾರಿ ಕಡತ. ಇ-ಮೇಲ್ ನಂಬಿದವರು ನೆಗಡಿ ಬಂತೆಂದು ಮೂಗು ಕೊಯ್ದುಕೊಂಡಂತೆ ಅದನ್ನು ಅಳಿಸಿಹಾಕಿದರು.

ಯಾರು ಈ ಎಸ್‌ವಿಸಿಹೋಸ್ಟ್?

ಹೆಚ್ಚು ಅನುಮಾನಕ್ಕೆ ಗುರಿಯಾಗುವ ಹೆಸರು 'ಎಸ್‌ವಿಸಿಹೋಸ್ಟ್'. ಅಂತರ್ಜಾಲ ಸಂಪರ್ಕ, ಧ್ವನಿ, ಅಪ್‌ಡೇಟ್ ಮುಂತಾದ ವಿಂಡೋಸ್ ಸೇವೆಗಳು ಸ್ವತಂತ್ರವಾಗಿ ಓಡಲಾರವು. ಅವುಗಳಿಗೆ ಆಶ್ರಯ ನೀಡುವುದೇ ಇದರ ಕೆಲಸ. ಮೊದಲು ಹಲವು ಸೇವೆಗಳು ಒಂದೇ ಪ್ರಕ್ರಿಯೆಯಲ್ಲಿ ಇರುತ್ತಿದ್ದವು. 2017ರ ವಿಂಡೋಸ್ 10 ಆವೃತ್ತಿಯಿಂದೀಚೆಗೆ, 3.5 ಜಿಬಿಗಿಂತ ಹೆಚ್ಚು ಮೆಮೊರಿ ಇರುವ ಗಣಕಗಳಲ್ಲಿ ಬಹುಪಾಲು ಸೇವೆಗಳನ್ನು ಪ್ರತ್ಯೇಕಿಸಲಾಗಿದೆ. ಹೀಗಾಗಿ ಪಟ್ಟಿಯಲ್ಲಿ ಈ ಹೆಸರು ಹಲವು ಹತ್ತು ಬಾರಿ ಕಂಡರೂ ಗಾಬರಿ ಬೇಡ.

'ಸಿಸ್ಟಂ ಐಡಲ್ ಪ್ರೊಸೆಸ್' ಎದುರು ಶೇ. 95 ಎಂದಿದ್ದರೆ ಅದು ಪ್ರೊಸೆಸರಿನ ಮೇಲಿನ ಹೊರೆಯಲ್ಲ, ಅದರ ಬಿಡುವಿನ ಪ್ರಮಾಣ.

ವೇಷಧಾರಿಗಳ ಪತ್ತೆ

ದುಷ್ಟ ತಂತ್ರಾಂಶಗಳು ಇಂಥ ಪರಿಚಿತ ಹೆಸರುಗಳ ಮರೆಯಲ್ಲಿ ಅಡಗುವುದೂ ನಿಜ. ಒಂದು ಅಕ್ಷರವನ್ನು ಅದಲುಬದಲು ಮಾಡಿ ಕಣ್ಣಿಗೆ ಮಣ್ಣೆರಚುವುದು ಹಳೆಯ ತಂತ್ರ. ಆದ್ದರಿಂದ ಹೆಸರಿಗಿಂತ ವಿಳಾಸ ಮುಖ್ಯ. ಪ್ರಕ್ರಿಯೆಯ ಮೇಲೆ ಮೌಸ್‌ನ ಬಲಗುಂಡಿ ಒತ್ತಿ 'ಓಪನ್ ಫೈಲ್ ಲೊಕೇಶನ್' ಆರಿಸಬೇಕು. ಅಸಲಿ ಎಸ್‌ವಿಸಿಹೋಸ್ಟ್ ಇರುವುದು ವಿಂಡೋಸ್ ಫೋಲ್ಡರಿನೊಳಗಿನ 'ಸಿಸ್ಟಂ32'ರಲ್ಲಿ. 64 ಬಿಟ್ ಗಣಕಗಳಲ್ಲಿ 'ಸಿಸ್‌ವೌ64'ರಲ್ಲೂ ಇರುತ್ತದೆ. ಅದೇ ಹೆಸರಿನ ಕಡತ 'ಟೆಂಪ್' ಅಥವಾ 'ಡೌನ್‌ಲೋಡ್ಸ್' ಫೋಲ್ಡರಿನಿಂದ ಓಡುತ್ತಿದ್ದರೆ ಎಚ್ಚರ ಅಗತ್ಯ.

ಇನ್ನೂ ಆಳದ ಪರಿಶೀಲನೆಗೆ ಮೈಕ್ರೋಸಾಫ್ಟ್‌ನ ಉಚಿತ 'ಪ್ರೊಸೆಸ್ ಎಕ್ಸ್‌ಪ್ಲೋರರ್' ಇದೆ. ಕಡತದ ಡಿಜಿಟಲ್ ಸಹಿ ಅಸಲಿಯೇ ಎಂಬುದನ್ನು ಅದು ತಾಳೆ ನೋಡುತ್ತದೆ. 'ವೈರಸ್‌ಟೋಟಲ್' ತಾಣದ ಮೂಲಕ ಹಲವು ಆಂಟಿವೈರಸ್‌ಗಳ ಅಭಿಪ್ರಾಯವನ್ನೂ ಒದಗಿಸುತ್ತದೆ.

ಅನುಸರಿಸಬೇಕಾದ ಕ್ರಮ

* ಟಾಸ್ಕ್ ಮ್ಯಾನೇಜರ್‌ನಲ್ಲಿ ಸಿಪಿಯು, ಮೆಮೊರಿ, ಡಿಸ್ಕ್ ಅಂಕಣಗಳನ್ನು ಒಂದೊಂದಾಗಿ ಒತ್ತಿ, ಹೆಚ್ಚು ಬಳಸುತ್ತಿರುವುದು ಯಾವುದೆಂದು ಗುರುತಿಸಬೇಕು.

* ಅಪ್‌ಡೇಟ್ ಆದ ನಂತರ ಅಥವಾ ಆಂಟಿವೈರಸ್ ತಪಾಸಣೆಯ ವೇಳೆ ನಿಧಾನಗತಿ ಸಹಜ. ಸ್ವಲ್ಪ ಹೊತ್ತು ಕಾದರೆ ತಾನಾಗಿಯೇ ಸರಿಹೋಗುತ್ತದೆ.

* 'ಸ್ಟಾರ್ಟಪ್' ವಿಭಾಗದಲ್ಲಿ ಬೇಡದ ತಂತ್ರಾಂಶಗಳನ್ನು ನಿಷ್ಕ್ರಿಯಗೊಳಿಸಬಹುದು. ಇದರಿಂದ ಕಡತ ಅಳಿಯುವುದಿಲ್ಲ, ಬೇಕೆಂದಾಗ ಮರಳಿ ಚಾಲೂ ಮಾಡಬಹುದು.

* 'ಎಂಡ್ ಟಾಸ್ಕ್' ಕೊನೆಯ ಅಸ್ತ್ರವಾಗಿರಲಿ. ವಿಂಡೋಸ್‌ನ ಮೂಲ ಪ್ರಕ್ರಿಯೆಯನ್ನು ನಿಲ್ಲಿಸಿದರೆ ಗಣಕವೇ ಸ್ಥಗಿತಗೊಂಡು, ಉಳಿಸದ ಕೆಲಸ ನಷ್ಟವಾದೀತು.

* ಅನುಮಾನ ಬಲವಾದರೆ ಅಂತರ್ಜಾಲ ಸಂಪರ್ಕ ಕಡಿದು, 'ಡಿಫೆಂಡರ್ ಆಫ್‌ಲೈನ್ ಸ್ಕ್ಯಾನ್' ನಡೆಸಬೇಕು. ಅಲ್ಲಿಯವರೆಗೆ ಆ ಗಣಕದಲ್ಲಿ ಬ್ಯಾಂಕ್ ವ್ಯವಹಾರ ಸಲ್ಲದು.

ಮುನ್ನೆಚ್ಚರಿಕೆಯ ಪಾಠ

2003ರ ಆಗಸ್ಟ್‌ನಲ್ಲಿ 'ಬ್ಲಾಸ್ಟರ್' ಹುಳು ಲಕ್ಷಾಂತರ ಗಣಕಗಳನ್ನು ಕಾಡಿತು. ಅದು ಬಳಸಿಕೊಂಡ ದೋಷಕ್ಕೆ ಮೈಕ್ರೋಸಾಫ್ಟ್ ಜುಲೈನಲ್ಲೇ ಪರಿಹಾರ ಬಿಡುಗಡೆ ಮಾಡಿತ್ತು. ಅದನ್ನು ಅಳವಡಿಸಿಕೊಳ್ಳದವರೇ ತೊಂದರೆಗೆ ಸಿಲುಕಿದರು. ವಿಂಡೋಸ್ 10ಕ್ಕೆ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿರುವುದರಿಂದ ಹಳೆಯ ಗಣಕಗಳ ಒಡೆಯರಿಗೆ ಈ ಪಾಠ ಮತ್ತೆ ಪ್ರಸ್ತುತ.

ಯಾವ ಪ್ರಕ್ರಿಯೆಯೂ ತಪ್ಪಿತಸ್ಥನಲ್ಲವೆಂದು ಖಚಿತವಾದರೆ ಯಂತ್ರದ ಸಾಮರ್ಥ್ಯದತ್ತ ಗಮನ ಹರಿಸಬೇಕು. ಹಳೆಯ ಹಾರ್ಡ್ ಡಿಸ್ಕ್ ಬದಲು ಎಸ್‌ಎಸ್‌ಡಿ ಅಳವಡಿಸಿದರೆ ಅಥವಾ ಮೆಮೊರಿ ಹೆಚ್ಚಿಸಿದರೆ ಹೊಸ ಗಣಕ ಕೊಳ್ಳುವ ಖರ್ಚು ಉಳಿಯಲೂಬಹುದು.