ದುಡಿಯ ತಾಳ, ದೀಪದ ಮಿಣುಕು ಮತ್ತು ನಿದ್ದೆ

ದಕ್ಷಿಣ ಕೊಡಗಿನ ಬಾಳೆಲೆಯ ಸುತ್ತಿನ ಊರುಗಳಲ್ಲಿ ಪುತ್ತರಿ ಬಂತೆಂದರೆ ದುಡಿಯ ಸದ್ದು ಕೇಳಿಸುತ್ತದೆ. ನಡು ಸಣ್ಣಗಿರುವ ಆ ಪುಟ್ಟ ವಾದ್ಯವನ್ನು ಕೈಯಲ್ಲಿ ಹಿಡಿದು, ಕಡ್ಡಿಯಿಂದ ಬಾರಿಸುತ್ತ ನಾಲ್ವರು ಮನೆಮನೆಗೆ ಹೋಗಿ ಹಾಡುತ್ತಾರೆ. ಮದುವೆಗೂ ಇದೇ ದುಡಿ, ಸಾವಿಗೂ ಇದೇ ದುಡಿ. ತಾಳ ಒಂದೇ ಸಮನೆ ಸಾಗುತ್ತದೆ. ನಡಿಕೇರಿಯಂಡ ಚಿಣ್ಣಪ್ಪನವರು ಇಂಥ ಹಾಡುಗಳನ್ನು ಸಂಗ್ರಹಿಸಿ ‘ಪಟ್ಟೋಲೆ ಪಳಮೆ’ಯನ್ನು ಹೊರತಂದದ್ದು 1924ರಲ್ಲಿ. ಅದೇ ವರ್ಷ ಜರ್ಮನಿಯ ಯೇನಾ ಪಟ್ಟಣದ ಮನೋವೈದ್ಯ ಹಾನ್ಸ್ ಬರ್ಗರ್ ಮನುಷ್ಯನ ಮಿದುಳಿನ ಕ್ಷೀಣ ವಿದ್ಯುತ್ತನ್ನು ಮೊದಲ ಬಾರಿಗೆ ದಾಖಲಿಸಿದ. ಎರಡಕ್ಕೂ ಸಂಬಂಧವೇನೂ ಇರಲಿಲ್ಲ. ಆದರೆ ಮುಂದಿನ ನಾಲ್ಕು ದಶಕಗಳೊಳಗೆ ತಾಳ, ಬೆಳಕು ಮತ್ತು ಮಿದುಳಿನ ಅಲೆ ಒಂದೇ ಚರ್ಚೆಯೊಳಗೆ ಬಂದವು. ಕಣ್ಣಿಗೆ ಮಿಣುಕುವ ಕನ್ನಡಕ, ಕಿವಿಗೆ ಹೆಡ್‌ಫೋನ್ ಹಾಕಿ ನಿದ್ದೆ ಬರಿಸುತ್ತೇವೆನ್ನುವ ಯಂತ್ರಗಳ ಮೂಲ ಆ ಚರ್ಚೆಯಲ್ಲಿದೆ.

ಬರ್ಗರ್ ತನ್ನ ಶೋಧವನ್ನು ಪ್ರಕಟಿಸಿದ್ದು 1929ರಲ್ಲಿ. ಕಣ್ಣು ಮುಚ್ಚಿ ಸುಮ್ಮನೆ ಕುಳಿತವನ ಮಿದುಳಿನಲ್ಲಿ ಸೆಕೆಂಡಿಗೆ ಸುಮಾರು ಹತ್ತರಂತೆ ಏಳುವ ಅಲೆಗೆ ಅವನು ಆಲ್ಫಾ ಎಂದು ಹೆಸರಿಟ್ಟ. ಮೊದಮೊದಲು ನಂಬಿದವರು ಕಡಿಮೆ. 1934ರಲ್ಲಿ ಕೇಂಬ್ರಿಡ್ಜಿನ ಏಡ್ರಿಯನ್ ಮತ್ತು ಮ್ಯಾಥ್ಯೂಸ್ ಅದನ್ನು ಖಚಿತಪಡಿಸಿದರು. ಜೊತೆಗೆ ಇನ್ನೊಂದನ್ನೂ ಕಂಡರು. ಕಣ್ಣೆದುರು ಬೆಳಕನ್ನು ಮಿಣುಕಿಸಿದರೆ ಮಿದುಳಿನ ಅಲೆ ಆ ಮಿಣುಕಿನ ವೇಗಕ್ಕೇ ಹೊಂದಿಕೊಳ್ಳುತ್ತಿತ್ತು. ಇಷ್ಟು ಮಾತ್ರ ನಿರ್ವಿವಾದ. ಮುಂದಿನ ಕಥೆಯೆಲ್ಲ ಇದಕ್ಕೆ ಕಟ್ಟಿದ ಬಾಲ ಎನ್ನಬಹುದು.

ಇಂಗ್ಲೆಂಡಿನ ಬ್ರಿಸ್ಟಲ್‌ನಲ್ಲಿ ಗ್ರೇ ವಾಲ್ಟರ್ 1940ರ ದಶಕದಲ್ಲಿ ಇದಕ್ಕೆಂದೇ ಎಲೆಕ್ಟ್ರಾನಿಕ್ ಮಿಣುಕುದೀಪ ಬಳಸಿದ. ಮೂರ್ಛೆರೋಗದ ಪತ್ತೆಗೆ ಅದು ನೆರವಾಯಿತು; ಇಂದಿಗೂ ಇ.ಇ.ಜಿ. ಪರೀಕ್ಷೆಯಲ್ಲಿ ರೋಗಿಯ ಕಣ್ಣೆದುರು ದೀಪ ಮಿಣುಕಿಸುವುದು ವಾಡಿಕೆ. ಅವನ ಪ್ರಯೋಗಗಳಿಗೆ ಕುಳಿತವರು ಮುಚ್ಚಿದ ಕಣ್ಣಿನೊಳಗೇ ಬಣ್ಣದ ಚಿತ್ತಾರಗಳನ್ನು ಕಂಡರು. 1958ರ ಡಿಸೆಂಬರಿನಲ್ಲಿ ಫ್ರಾನ್ಸಿನ ಮಾರ್ಸೇ ಕಡೆಗೆ ಬಸ್ಸಿನಲ್ಲಿ ಹೊರಟಿದ್ದ ಕಲಾವಿದ ಬ್ರಯಾನ್ ಗೈಸಿನ್‌ಗೆ ಸಾಲುಮರಗಳ ನಡುವಿನ ಬಿಸಿಲಿನಿಂದಲೇ ಇಂಥ ಅನುಭವವಾಯಿತಂತೆ. ಕಾಫಿ ತೋಟದ ಸಿಲ್ವರ್ ಓಕ್ ಸಾಲಿನ ಪಕ್ಕ ಜೀಪಿನಲ್ಲಿ ಕಣ್ಣುಮುಚ್ಚಿ ಹೋದವರಿಗೆ ಇದು ತೀರಾ ಅಪರಿಚಿತವಲ್ಲ. ಅವನ ಗೆಳೆಯ ಇಯಾನ್ ಸಮರ್ವಿಲ್ ತೂತು ಕೊರೆದ ಸಿಲಿಂಡರಿನ ನಡುವೆ ಬಲ್ಬ್ ಇಟ್ಟು, ಗ್ರಾಮಫೋನ್ ತಟ್ಟೆಯ ಮೇಲೆ ತಿರುಗಿಸಿ ‘ಕನಸಿನ ಯಂತ್ರ’ ಮಾಡಿದ. ಅಮೆರಿಕದಲ್ಲಿ ಸಿಡ್ನಿ ಷ್ನೈಡರ್ ಎಂಬಾತ ರಾಡಾರ್ ಪರದೆಯ ಮಿಣುಕಿನಿಂದ ಪ್ರೇರಣೆ ಪಡೆದು ತನ್ನದೊಂದು ಯಂತ್ರ ಮಾಡಿದ. ವೈದ್ಯ ವಿಲಿಯಂ ಕ್ರೋಗರ್ ಅದನ್ನು ಸಮ್ಮೋಹನಕ್ಕೆ ಬಳಸಿದ. ಬೆಳಕು ಪ್ರಯೋಗಶಾಲೆಯಿಂದ ಅಂಗಡಿಗೆ ಹೊರಟದ್ದು ಹೀಗೆ.

ಸದ್ದಿನ ಕಥೆ ಇಷ್ಟು ಗಟ್ಟಿಯಲ್ಲ. ಒಂದು ಕಿವಿಗೆ 400, ಇನ್ನೊಂದಕ್ಕೆ 410 ಕಂಪನದ ಸ್ವರ ಕೊಟ್ಟರೆ ತಲೆಯೊಳಗೆ ಸೆಕೆಂಡಿಗೆ ಹತ್ತು ಮಿಡಿತ ಕೇಳಿದಂತಾಗುತ್ತದೆ. ಜರ್ಮನಿಯ ಡೋವ್ ಇದನ್ನು 19ನೇ ಶತಮಾನದಲ್ಲೇ ಗಮನಿಸಿದ್ದ. ಅದಕ್ಕೆ ಹೊಸ ಪ್ರಚಾರ ಸಿಕ್ಕಿದ್ದು 1973ರಲ್ಲಿ ಗೆರಾಲ್ಡ್ ಓಸ್ಟರ್ ಬರೆದ ಲೇಖನದಿಂದ. ಆದರೆ ಮಿದುಳಿನ ಅಲೆ ಈ ಮಿಡಿತವನ್ನು ನಿಜವಾಗಿ ಹಿಂಬಾಲಿಸುತ್ತದೆಯೇ ಎಂಬುದಕ್ಕೆ ಬಂದಿರುವ ಫಲಿತಾಂಶಗಳು ಒಂದಕ್ಕೊಂದು ಹೊಂದುವುದಿಲ್ಲ. ಡೋಲಿನ ಬಗ್ಗೆಯೂ ಇಂಥದೇ ವಾದವಿತ್ತು. 1960ರ ದಶಕದ ಆರಂಭದಲ್ಲಿ ಆಂಡ್ರ್ಯೂ ನೇಹರ್, ಆವೇಶ ಬರುವುದು ಡೋಲಿನ ತಾಳ ಮಿದುಳನ್ನು ಎಳೆದೊಯ್ಯುವುದರಿಂದ ಎಂದ. ಫ್ರಾನ್ಸಿನ ಸಂಗೀತ ವಿದ್ವಾಂಸ ಗಿಲ್ಬರ್ಟ್ ರೂಜೆ ಇದನ್ನು ಒಪ್ಪಲಿಲ್ಲ. ಕೊಡಗಿನ ತೆರೆ ಉತ್ಸವ ನೋಡಿದವರೂ ಒಪ್ಪಲಾರರು. ಚೆಂಡೆಯ ಸದ್ದು ನೆರೆದವರೆಲ್ಲರ ಕಿವಿಗೂ ಬೀಳುತ್ತದೆ, ದೈವ ಬರುವುದು ತೆರೆ ಕಟ್ಟಿದವನ ಮೇಲೆ ಮಾತ್ರ. ಇನ್ನು ದುಡಿಯಂತೂ ರಾತ್ರಿಯ ಹಾಡಿಗೆ ಜನರನ್ನು ಎಚ್ಚರವಾಗಿಡುವ ವಾದ್ಯ.

ಆಲ್ಫಾ ಅಲೆ ಎಂದರೆ ನಿದ್ದೆಯೂ ಅಲ್ಲ. ಬೆಂಗಳೂರಿನಲ್ಲಿ, ಈಗ ನಿಮ್ಹಾನ್ಸ್ ಆಗಿರುವ ಆಗಿನ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆಯಲ್ಲಿ ಯೋಗಿಯೊಬ್ಬರನ್ನು ನೆಲದೊಳಗಿನ ಗುಂಡಿಯಲ್ಲಿ ಕೂರಿಸಿ, ಗಂಟೆಗಟ್ಟಲೆ ಇ.ಇ.ಜಿ. ತೆಗೆದದ್ದುಂಟು. 1968ರಲ್ಲಿ ಹೋನಿಗ್ ಬರೆದ ವರದಿಯ ಪ್ರಕಾರ ಉದ್ದಕ್ಕೂ ಕಂಡದ್ದು ಸ್ಥಿರವಾದ ಆಲ್ಫಾ, ಅಂದರೆ ನೆಮ್ಮದಿಯಾಗಿ ಎಚ್ಚರವಿರುವವನ ಅಲೆ. ಗಾಢ ನಿದ್ದೆಯ ಅಲೆಗಳು ಸೆಕೆಂಡಿಗೆ ನಾಲ್ಕಕ್ಕೂ ಕಡಿಮೆ. ಹಾಗೆಂದು ಸೆಕೆಂಡಿಗೆ ಎರಡು ಸಲ ದೀಪ ಮಿಣುಕಿಸಿದರೆ ತಲೆಯ ಹಿಂಭಾಗದ ದೃಷ್ಟಿಕೇಂದ್ರ ಓಗೊಡಬಹುದು; ನಿದ್ದೆಯನ್ನು ಆಳುವ ಒಳಭಾಗಗಳು ಅದರ ಮಾತು ಕೇಳಬೇಕೆಂದಿಲ್ಲ. ಗಡಿಯಾರದ ಮುಳ್ಳನ್ನು ಹಿಂದಕ್ಕೆ ತಿರುಗಿಸಿದರೆ ಬೆಳಗ್ಗೆ ರಾತ್ರಿಯಾಗುವುದೇ?

ಅಪಾಯವೂ ಇದೆ. 1997ರ ಡಿಸೆಂಬರ್ 16ರಂದು ಜಪಾನಿನಲ್ಲಿ ‘ಪೋಕೆಮಾನ್’ ಕಾರ್ಟೂನಿನ ಕೆಂಪು-ನೀಲಿ ಮಿಣುಕು ನೋಡಿ ಸುಮಾರು 700 ಮಂದಿ, ಹೆಚ್ಚಿನವರು ಮಕ್ಕಳು, ಆಸ್ಪತ್ರೆ ಸೇರಿದರು. ಹೊರಗಿನ ಪ್ರಚೋದನೆ ಮೂರ್ಛೆ ತರಬಲ್ಲದು ಎಂಬುದು ನಮ್ಮವರಿಗೆ ಹೊಸದಲ್ಲ. ತಲೆಗೆ ಬಿಸಿನೀರು ಹೊಯ್ದುಕೊಂಡಾಗ ಬರುವ ಮೂರ್ಛೆ ಹಳೆ ಮೈಸೂರಿನ ಕಡೆ ಹೆಚ್ಚು; ನಿಮ್ಹಾನ್ಸ್‌ನ ಡಾ. ಪಿ. ಸತೀಶ್ಚಂದ್ರ ಮತ್ತು ಸಹೋದ್ಯೋಗಿಗಳು 1988ರಲ್ಲಿ ಇಂಥ 279 ರೋಗಿಗಳ ವಿವರ ಪ್ರಕಟಿಸಿದ್ದರು. ಮೂರ್ಛೆಯ ಇತಿಹಾಸವಿರುವ ಮನೆಯಲ್ಲಿ ಮಿಣುಕುವ ಕನ್ನಡಕ ಆಟದ ಸಾಮಾನಲ್ಲ.

ತಾಳಕ್ಕೂ ನಿದ್ದೆಗೂ ನಂಟೇ ಇಲ್ಲವೆಂದೇನೂ ಅಲ್ಲ. ಹಾಗೆ ನೋಡಿದರೆ ಕನ್ನಡಕಕ್ಕಿಂತ ತೊಟ್ಟಿಲ ಪರವಾಗಿಯೇ ಹೆಚ್ಚು ಸಾಕ್ಷ್ಯವಿದೆ. 2011ರಲ್ಲಿ ಜಿನೀವಾದ ಸಂಶೋಧಕರು 12 ಮಂದಿ ವಯಸ್ಕರನ್ನು ನಿಧಾನವಾಗಿ ತೂಗುವ ಮಂಚದ ಮೇಲೆ ಮಲಗಿಸಿದಾಗ ಮಧ್ಯಾಹ್ನದ ನಿದ್ದೆ ಬೇಗ ಹತ್ತಿತು. ತೂಗಿದ್ದು ನಾಲ್ಕು ಸೆಕೆಂಡಿಗೊಂದು ಸಲ. ಸದ್ದಿನ ವಿಷಯದಲ್ಲಿ ಎದ್ದು ಕಾಣುವ ಪ್ರಯೋಗ 2013ರದು, ಜರ್ಮನಿಯ ಟ್ಯೂಬಿಂಗನ್‌ನದು. ಅಲ್ಲಿ ಯಂತ್ರ ಮಿದುಳನ್ನು ಎಳೆಯಲು ಹೋಗಲಿಲ್ಲ. ಆಗಲೇ ಗಾಢ ನಿದ್ದೆಯಲ್ಲಿದ್ದವರ ಅಲೆಯನ್ನು ಕಾದು ನೋಡಿ, ಅದು ಏರುವ ಕ್ಷಣಕ್ಕೆ ಸರಿಯಾಗಿ ಮೆಲ್ಲನೆ ಒಂದು ಸದ್ದು ಮಾಡಿತು. ಅಲೆಗಳು ಬಲಗೊಂಡವು, ಹಿಂದಿನ ದಿನ ಕಲಿತ ಪದಜೋಡಿಗಳು ಬೆಳಗ್ಗೆ ಹೆಚ್ಚು ನೆನಪಿದ್ದವು. ಅದೇ ಸದ್ದು ಅಲೆಯ ತಾಳ ತಪ್ಪಿ ಬಿದ್ದಾಗ ಈ ಲಾಭ ಸಿಗಲಿಲ್ಲ.